ವಾಲ್ವ್ ಮುಚ್ಚಿದ ಮೇಲೂ ಬಂದ ನೀರು

ಶಾಂತವ್ವ, ಗೌರವ್ವ ಆಯಿ ಸತ್ತದ್ದು ನಿನ್ನ ಮೊಸರಿನಿಂದ ಅಲ್ಲ. ನಾನು ಕೂಡಿಸಿದ ಪೈಪಿನಿಂದ. ಅದು ನನಗೆ ಆಗಲೇ ಗೊತ್ತಿತ್ತು. ವೀರಪ್ಪನವರ ಮನೆಯ ಕಟ್ಟೆಯ ಮುಂದೆ, ಓಣಿಯ ಜನರೆಲ್ಲ ಕೇಳುವ ಹಾಗೆ, ನೀರಿನಲ್ಲಿ ಏನೂ ದೋಷವಿಲ್ಲ ಎಂದು ಹೇಳಿದೆನಲ್ಲ — ಆಗಲೂ ಗೊತ್ತಿತ್ತು. ಬುಟ್ಟಿ ಹೊತ್ತುಕೊಂಡು ನೀನು ಅಲ್ಲೇ ನಿಂತಿದ್ದೆ.

ಈ ನಾಲ್ಕು ಸಾಲು ಬರೆಯಲು ನನಗೆ ಹನ್ನೊಂದು ವರ್ಷ ಬೇಕಾಯಿತು.

ನಿನಗೆ ಓದಲು ಬರುವುದಿಲ್ಲ, ಗೊತ್ತು. ನಾನೇ ಓದಿ ಹೇಳುತ್ತೇನೆ. ಹಾಗಾದರೆ ಬಾಯಿಂದಲೇ ಹೇಳಬಹುದಿತ್ತಲ್ಲ, ಬರೆಯುವುದೇಕೆ ಎಂದು ನೀನು ಕೇಳಬಹುದು. ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲ. ಅದು ಮಾತಿನ ನಡುವೆ ದಾರಿ ಬದಲಿಸುತ್ತದೆ. ಕಾಗದ ಹಾಗೆ ಮಾಡುವುದಿಲ್ಲ. ಬೇರೆಯವರ ಕೈಗೆ ಇದು ಸಿಕ್ಕರೆ ಅವರೂ ಓದಲಿ. ಅವರಿಗೂ ತಿಳಿಯಲಿ ಎಂದೇ, ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ.

ನನ್ನ ಹೆಸರು ಬಸಣ್ಣ, ಊರು ರೋಣ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮುಂದೆ ಓದಲಾಗದೆ ಪೈಪಿನ ಕೆಲಸ ಕಲಿತೆ. ರೋಣ, ನರಗುಂದ, ಗಜೇಂದ್ರಗಡ — ಈ ಮೂರೂ ಊರುಗಳಲ್ಲಿ ಮೂವತ್ತೈದು ವರ್ಷ ಮನೆಮನೆಗೆ ನಳ ಹಾಕಿದ್ದೇನೆ. 'ನಳದ ಬಸಣ್ಣ' ಅಂದರೆ ಸಾಕಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನನ್ನ ಮನೆ ತೋರಿಸುತ್ತಿದ್ದರು. ಒಮ್ಮೆ ಕೂಡಿಸಿದ ಪೈಪನ್ನು ಎರಡನೇ ಸಾರಿ ಬಿಚ್ಚದವನು ಎಂಬ ಹೆಸರಿತ್ತು ನನಗೆ. ಆ ಹೆಸರಿನ ಮೇಲೆ ನನಗೆ ಆಸೆ ಇತ್ತು. ಭಾಳ ಆಸೆ ಇತ್ತು.

ವೀರಪ್ಪನವರದು ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರದ ಮನೆ. ಮನೆಗೆ ಹಿರಿಯಳು ಅವರ ತಾಯಿ ಗೌರವ್ವ. ಓಣಿಗೆಲ್ಲ ಆಕೆ 'ಆಯಿ'. ವೀರಪ್ಪನವರ ಹೆಂಡತಿ ಸುಮಿತ್ರಾ. ಮಗನಿಗೆ ನರಗುಂದದ ಹುಡುಗಿಯನ್ನು ಗೊತ್ತು ಮಾಡಿದ್ದರು. ಹೊಸ ಜೋಡಿಗೆಂದು ಹಳೆಯ ಮನೆಯ ಮೇಲೆ ಒಂದು ಕೋಣೆ ಏರಿಸಿದ್ದರು. ಕೋಣೆಗೆ ಅಂಟಿಕೊಂಡು ಒಂದು ಸಂಡಾಸ. ಅದಕ್ಕೆ ನೀರು ಮುಟ್ಟಿಸುವುದು ನನ್ನ ಕೆಲಸ. ಮದುವೆಗೆ ಎರಡು ವಾರವಿತ್ತು.

ಮೇಲಿನ ಸಂಡಾಸಕ್ಕೆ ನೀರು ಮುಟ್ಟಿಸುವುದರಲ್ಲಿ ಏನು ಕಷ್ಟ ಎಂದು ಓದುವವರು ಕೇಳಬಹುದು. ಆ ಮನೆಯ ಪಂಪಿನ ಒತ್ತಡ ನಳಗಳಿಗೆ ಮುಟ್ಟುತ್ತಿರಲಿಲ್ಲ. ಪಂಪು ನೀರನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸುತ್ತಿತ್ತು, ಅಷ್ಟೆ. ಅಲ್ಲಿಂದ ಕೆಳಗೆ ನೀರು ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೆಳಗಿನ ಅಡುಗೆ ಮನೆಗೆ ಎರಡು ಆಳು ಎತ್ತರದಿಂದ ಬೀಳುವ ನೀರು ಜೋರಾಗಿ ಬರುತ್ತದೆ. ಮೇಲಿನ ಸಂಡಾಸಕ್ಕೆ ಆ ಎತ್ತರವೆಲ್ಲಿ? ಟಾಕಿಯ ತಳಕ್ಕೂ ಫ್ಲಶ್ ಡಬ್ಬಿಗೂ ನಡುವೆ ನನ್ನ ಎದೆಮಟ್ಟದಷ್ಟು ಅಂತರ. ಹಾಗೆ ಒತ್ತಡವಿಲ್ಲದ ನೀರಿಗೆ ಪೈಪಿನ ಒಂದೊಂದು ತಿರುವೂ ಒಂದೊಂದು ಗುಡ್ಡ. ನೆಟ್ಟಗೆ ಕರೆದುಕೊಂಡು ಹೋದರೆ ಬರುತ್ತದೆ, ಸುತ್ತಿಸಿದರೆ ದಣಿಯುತ್ತದೆ.

ಟಾಕಿ ಇದ್ದದ್ದು ಮನೆಯ ನೈಋತ್ಯ ಮೂಲೆಯಲ್ಲಿ. ಭಾರ ಅಲ್ಲೇ ಇರಬೇಕು ಎಂದು ಶಾಸ್ತ್ರ ಕೇಳಿ ಇಟ್ಟದ್ದು. ಸಂಡಾಸ ಇದ್ದದ್ದು ಇನ್ನೊಂದು ತುದಿಯಲ್ಲಿ, ಕೆಳಗಿನ ಬಚ್ಚಲಿನ ನೆತ್ತಿಗೆ. ಬಚ್ಚಲಿನ ಪಕ್ಕಕ್ಕೆ ಅಡುಗೆ ಮನೆ. ಟಾಕಿಯಿಂದ ಸಂಡಾಸಕ್ಕೆ ನೆಟ್ಟಗೆ ಒಂದೇ ದಾರಿ — ಆ ದಾರಿಯ ಕೆಳಗೆ, ನಟ್ಟನಡುವೆ, ದೇವರ ಜಗಲಿ.

ನಾನು ಸುತ್ತಿಗೆ ಹಿಡಿದು ಗೋಡೆಗೆ ಗುರುತು ಹಾಕುತ್ತಿದ್ದಾಗ ಆಯಿ ಪಾವಟಿಗೆ ಏರಿ ಬಂದಳು. ಮೊಣಕಾಲು ನೋವು, ಆದರೂ ಬಂದಳು.

"ಎಲ್ಲಿಂದ ಒಯ್ತಿಯೋ ಬಸಣ್ಣ ಪೈಪು?"

"ಇಲ್ಲಿಂದ್ರಿ ಆಯಿ, ನೆಟ್ಟಗ."

"ಕೆಳಗ ಏನೈತಿ ಗೊತ್ತೈತಿಲ್ಲೊ?"

"ಜಗಲಿ ಐತ್ರಿ. ಆದ್ರ ಇದು ಹೊಲಸ ಪೈಪಲ್ರಿ, ಚಲೋ ನೀರಿನ ಪೈಪು."

"ಯಾ ನೀರರ ಇರಲಿ, ಹೋಗೂದು ಎಲ್ಲಿಗೆ? ಸಂಡಾಸಕ್ಕ ಹೌದಿಲ್ಲೊ? ಸಂಡಾಸದ ನೀರು ನನ್ನ ದೇವರ ತಲಿ ಮ್ಯಾಲೆ ಹಾಯಬಾರದು. ಹೊರಗಿನ ಗ್ವಾಡಿಗುಂಟ ಸುತ್ತ ಹಾಕಿ ಒಯ್ಯಿ."

"ಅಡಗಿ ಮನಿ ಪೈಪು ಇದ ದಾರ್ಯಾಗ ಹೋಗೈತಲ್ರಿ?"

"ಅದು ಅಡಗಿ ನೀರಪಾ. ಅದು ಹೋದ್ರ ನಡೀತೈತಿ."

ಆ ಮಾತು ಮುಗಿಯಿತು. ಆಯಿಯದು ಹಟ ಎಂದು ನಾನು ಇಂದಿಗೂ ಹೇಳುವುದಿಲ್ಲ. ಅದು ಆಕೆಯ ನಡೆ. ನಮ್ಮ ಮನೆಯಲ್ಲಿಯೂ ಅದೇ ನಡೆ ಇದೆ. ಆಕೆ ಕೇಳಿದ್ದು ಮಾಡಲು ಬರುತ್ತಿತ್ತು — ಇದನ್ನು ನಾನು ಒತ್ತಿ ಬರೆಯಬೇಕು. ಹೊರಗಿನ ಗೋಡೆಗೆ ದಪ್ಪ ಪೈಪು ಹಾಕಿ, ಕಡಕ್ ತಿರುವಿನ ಬದಲು ಉದ್ದ ಬಾಗು ಕೊಟ್ಟು, ಫ್ಲಶ್ ಡಬ್ಬಿಗೆ ಅಗಲ ತೂತಿನ ವಾಲ್ವ್ ಕೂಡಿಸಿದ್ದರೆ ನೀರು ಬರುತ್ತಿತ್ತು. ಆಮೇಲೆ ರೋಣದಲ್ಲಿ ಒಂದು ಮನೆಗೆ ಹಾಗೆಯೇ ಮಾಡಿದೆ, ಬಂತು. ಅಂದರೆ ಆಗದ ಕೆಲಸವಾಗಿರಲಿಲ್ಲ. ಅಂಥ ಪೈಪನ್ನೂ ವಾಲ್ವನ್ನೂ ಹುಬ್ಬಳ್ಳಿಯಿಂದ ತರಿಸಬೇಕಿತ್ತು. ನಾನು ನನ್ನ ಹತ್ತಿರ ಇದ್ದದ್ದನ್ನೇ ಹಾಕಿದೆ. ಅರ್ಧ ಇಂಚಿನ ಸಣ್ಣ ಪೈಪು, ಏಳು ತಿರುವು, ಮಾಮೂಲಿ ವಾಲ್ವ್.

ಮದುವೆಗೆ ನಾಲ್ಕು ದಿನವಿದ್ದಾಗ ನೀರು ಬಿಟ್ಟು ನೋಡಿದೆ. ಮನೆಮಂದಿಯೆಲ್ಲ ಮೇಲೆ ಬಂದು ನಿಂತಿದ್ದರು. ನಳ ತಿರುವಿದೆ. ನೂಲಿನ ಎಳೆಯಷ್ಟು ನೀರು — ಅದೂ ನಡುನಡುವೆ ತುಂಡಾಗಿ.

ವೀರಪ್ಪನವರ ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. "ಬಸಣ್ಣ, ಇದು ನಳಾನೋ, ನಮ್ಮ ಮುತ್ಯಾನ ಉಚ್ಚೀನೋ?" ಅಂದ.

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಆಯಿಯೂ ನಕ್ಕಳು. ನಾನೂ ನಕ್ಕೆ. ಆದರೆ ಒಳಗೆ —

ಮರುದಿನ ಮನೆಯವರೆಲ್ಲ ಜವಳಿ ತರಲು ಹೋಗಿದ್ದರು. ಆಯಿ ಒಬ್ಬಳೇ, ಪಡಸಾಲೆಯಲ್ಲಿ ಮಲಗಿದ್ದಳು. ಅಡುಗೆ ಮನೆಯ ಪೈಪು ಸಂಡಾಸದ ಗೋಡೆಯ ಒಳಗಿಂದಲೇ ಕೆಳಗೆ ಇಳಿಯುತ್ತಿತ್ತು. ಎರಡು ಗೇಣು ಗೋಡೆ ಒಡೆದರೆ ಸಾಕು, ಕೈಗೆ ಸಿಗುತ್ತದೆ. ಒಡೆದೆ. ಆ ಪೈಪನ್ನು ಕತ್ತರಿಸಿ ಒಂದು 'ಟೀ' ಕೂಡಿಸಿದೆ — ಮೂರು ಬಾಯಿಯ ಹಿತ್ತಾಳೆಯ ತುಂಡು. ಮೇಲಿನ ಬಾಯಿಗೆ ಟಾಕಿ, ಕೆಳಗಿನ ಬಾಯಿಗೆ ಅಡುಗೆ ಮನೆ, ಪಕ್ಕದ ಬಾಯಿಗೆ ಸಂಡಾಸ. ಸಿಮೆಂಟು ಮೆತ್ತಿ, ಸುಣ್ಣ ಹಚ್ಚಿದೆ. ಹೊರಗಿನ ಗೋಡೆಯ ಮೇಲೆ ಹಾಕಿದ್ದ ಪೈಪನ್ನು ಬಿಚ್ಚಲಿಲ್ಲ. ಎರಡೂ ತುದಿಗೆ ಮುಚ್ಚಳ ಹಾಕಿ ಹಾಗೇ ಬಿಟ್ಟೆ. ಓಣಿಯಲ್ಲಿ ಹೋಗುವವರೆಲ್ಲರಿಗೂ ಕಾಣುವ ಹಾಗೆ ಒಂದು ಹನಿ ನೀರೂ ಇಲ್ಲದ ಪೈಪು, ಗೋಡೆಯ ಉದ್ದಕ್ಕೂ.

ಸಂಜೆ ನಳ ತಿರುವಿ ತೋರಿಸಿದೆ. ನೀರು ಬೆರಳಿನಷ್ಟು ದಪ್ಪ ಬಂತು.

"ಇದ ನೋಡು ಮಾತು!" ಎಂದರು ವೀರಪ್ಪನವರು. "ಏನ್ ಮಾಡಿದ್ಯೊ?"

"ಗಾಳಿ ಸೇರಿತ್ರಿ ಪೈಪಿನ್ಯಾಗ. ತಗದೆ."

"ದೇವರ ಮ್ಯಾಲಿಂದ ಬಂದಿಲ್ಲ ಹೌದಿಲ್ಲೊ?" ಎಂದಳು ಆಯಿ.

"ಇಲ್ರಿ ಆಯಿ. ಬ್ಯಾರೆ ಲೈನು ಹಾಕೀನಿ. ಹೊರಗ ನೋಡ್ರಿ ಬೇಕಾರ."

ಆಕೆ ಕಿಟಕಿಯಿಂದ ಹೊರಗಿನ ಪೈಪು ನೋಡಿ ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ಕೈಯ ಭಾರ ಈಗಲೂ ಇದೆ.

ಒಂದು ಪೈಪಿಗೆ ಎರಡು ದಾರಿ ಮಾಡಿದರೆ ಏನಾಗುತ್ತದೆ ಎಂಬುದು ಎರಡೇ ದಿನದಲ್ಲಿ ಕಾಣಿಸಿತು. ಕೆಳಗೆ ಅಡುಗೆ ಮನೆಯ ನಳ ತೆರೆದರೆ ಮೇಲೆ ನೀರು ನಿಲ್ಲುತ್ತಿತ್ತು. ಫ್ಲಶ್ ಡಬ್ಬಿ ತುಂಬಲು ಅರ್ಧ ತಾಸು. ಸುಮಿತ್ರಾ ಹೇಳಿ ಕಳಿಸಿದರು. ನಾನು ಹೋಗಿ ಮತ್ತೊಂದು ಸುಲಭ ದಾರಿ ಮಾಡಿದೆ. ಸಂಡಾಸದ ನಳಕ್ಕೆ ಒಂದು ಗೇಣಿಗಿಂತ ದೊಡ್ಡ ರಬ್ಬರ್ ಪೈಪು ಸಿಕ್ಕಿಸಿ, ಅದರ ತುದಿಯನ್ನು ನಳದ ಕೆಳಗಿಟ್ಟ ದೊಡ್ಡ ಬಕೀಟಿನ ತಳಕ್ಕೆ ಮುಟ್ಟಿಸಿದೆ. "ನಳ ಬಂದ್ ಮಾಡಬ್ಯಾಡ್ರಿ, ತೆರದಾ ಇರಲಿ. ನೀರು ಬಂದಾಗ ತಾನ ತುಂಬತೈತಿ. ತಂಬಿಗಿಲೆ ತಗೊಂಡು ಹಾಕ್ಕೊಳ್ರಿ" ಎಂದೆ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ. ನಳಕ್ಕೆ ನೀರು ಎಂಟು-ಹತ್ತು ದಿನಕ್ಕೊಮ್ಮೆ ಬರುವ ಊರಿನಲ್ಲಿ ಯಾವ ನಳವನ್ನೂ ಯಾರೂ ಖಾಲಿ ಬಿಡುವುದಿಲ್ಲ. ಕೆಳಗೆ ಏನಾದರೂ ಇಟ್ಟು ತೆರೆದೇ ಬಿಡುತ್ತಾರೆ.

ಅದೇ ಕಾರಣಕ್ಕೆ ಆಯಿ ಟಾಕಿಯ ನೀರನ್ನು ಅಳೆದು ಬಿಡಿಸುತ್ತಿದ್ದಳು. ಪಾವಟಿಗೆಯ ತಲೆಗೆ ಒಂದು ವಾಲ್ವ್ ಇತ್ತು. ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು ತೆರೆಯುವುದು. ಉಳಿದ ಹೊತ್ತು ಬಂದ್. ತೆರೆಯುವುದೂ ಮುಚ್ಚುವುದೂ ಸುಮಿತ್ರಾ ಅವರ ಕೆಲಸ.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡು ಶಾಂತವ್ವ. ಮೇಲೆ ವಾಲ್ವ್ ಬಂದ್. ಸಂಡಾಸದ ಬಕೀಟಿನಲ್ಲಿ ಮುಳುಗಿದ ರಬ್ಬರ್ ಪೈಪು, ಅದರ ನಳ ತೆರೆದೇ ಇದೆ. ಕೆಳಗೆ ಅಡುಗೆ ಮನೆಯ ನಳ. ಡಬ್ಬಿಯಿಂದ ಸೀಮೆಎಣ್ಣೆ ತೆಗೆಯುವುದನ್ನು ನೀನು ನೋಡಿದ್ದೀಯಲ್ಲ — ಪೈಪಿನ ಒಂದು ತುದಿ ಡಬ್ಬಿಯೊಳಗೆ, ಇನ್ನೊಂದು ತುದಿ ಬಾಯಿಗೆ. ಒಮ್ಮೆ ಎಳೆದು ಕೆಳಗೆ ಬಿಟ್ಟರೆ ಎಣ್ಣೆ ತಾನೇ ಏರಿ, ತಾನೇ ಇಳಿದು ಬರುತ್ತದೆ. ಇಲ್ಲಿ ಎಳೆಯಲು ಬಾಯಿ ಬೇಕಾಗಿರಲಿಲ್ಲ. ಅಡುಗೆ ಮನೆಯ ನಳ ತೆರೆದರೆ ಸಾಕು, ಪೈಪಿನಲ್ಲಿ ಉಳಿದ ನೀರು ಇಳಿಯುತ್ತ ಬಕೀಟಿನ ನೀರನ್ನು ಎಳೆದುಕೊಳ್ಳುತ್ತಿತ್ತು. ಮೇಲೆ ಸಂಡಾಸದಲ್ಲಿ, ಎಲ್ಲರೂ ತಂಬಿಗೆ ಅದ್ದುವ ಬಕೀಟಿನ ನೀರನ್ನು.

ಇದು ನನಗೆ ಯಾವಾಗ ಗೊತ್ತಾಯಿತು? ಆಯಿ ಸತ್ತ ಮೇಲೆ ಗೊತ್ತಾಯಿತು ಎಂದು ಬರೆಯಬಹುದಿತ್ತು. ಎರಡು ಸಾರಿ ಹಾಗೆ ಬರೆದು ಹರಿದೆ.

ಮದುವೆಯಾದ ಮೂರನೇ ದಿನ ನನ್ನನ್ನು ಊಟಕ್ಕೆ ಕರೆದಿದ್ದರು. ನರಗುಂದದ ಬೀಗರು ಇನ್ನೂ ಇದ್ದರು. ಹುಡುಗಿಯ ಸೋದರಮಾವನಿಗೆ ಹೊಟ್ಟೆ ಕೆಟ್ಟು, ಆತ ಮೇಲಿನ ಕೋಣೆಯಲ್ಲೇ ಮಲಗಿದ್ದ. ನೀನೂ ಬಂದಿದ್ದೆ, ಊಟಕ್ಕೆ ಮೊಸರು ಹಾಕಲು. ಹೊಳೆಮಣ್ಣೂರಿನಲ್ಲಿ ಹೊಳೆ ಬಂದು ಮನೆ ಬಿದ್ದ ಮೇಲೆ ಎರಡು ಎಮ್ಮೆ ಹೊಡೆದುಕೊಂಡು ಗಜೇಂದ್ರಗಡಕ್ಕೆ ಬಂದವಳು ನೀನು. ಆ ಓಣಿಗೆಲ್ಲ ನಿನ್ನದೇ ಮೊಸರು. ಆಯಿಗೂ ನಿನಗೂ ದಿನಾ ಒಂದು ಜಗಳದ ಆಟ.

"ಏ ಶಾಂತಿ, ಇವತ್ತ ಮೊಸರಾಗ ಹೊಳಿ ಹರದೈತೇನ?" ಎಂದಳು ಆಯಿ.

"ಹೊಳಿ ನನ್ನ ಮನೀನ ಒಯ್ದೈತಿ ಆಯಿ. ನನ್ನ ಮೊಸರಿಗೆ ಬರಾಕ ಅದಕ್ಕ ಮಾರಿ ಎಲ್ಲೈತಿ?" ಎಂದೆ ನೀನು.

ಪಂಕ್ತಿಯೆಲ್ಲ ನಕ್ಕಿತು. ಆ ನಗು ಇನ್ನೂ ಆರಿರಲಿಲ್ಲ, ಸುಮಿತ್ರಾ ನನ್ನ ಎಲೆಗೆ ಹೋಳಿಗೆ ಹಾಕುತ್ತ ಹೇಳಿದರು: "ಬಸಣ್ಣಾರ, ನೀವು ಹಾಕಿದ ಪೈಪು ಪುಣ್ಯದ್ದು ನೋಡ್ರಿ. ವಾಲ್ವ್ ಬಂದ್ ಮಾಡಿದ ಮ್ಯಾಲೂ ಅಡಗಿ ಮನಿ ನಳದಾಗ ಒಂದು ಕೊಡ ನೀರು ಬರತಾವ."

"ನನ್ನ ದೇವರು ಕೊಡೂ ನೀರವ" ಎಂದಳು ಆಯಿ. "ಅದನ್ನ ನಾ ಪೂಜಿಗೆ ಹಿಡೀತೀನಿ."

ಹೋಳಿಗೆ ಮುರಿಯುತ್ತಿದ್ದ ನನ್ನ ಕೈ ನಿಂತಿತು.

ಟಾಕಿಯಿಂದ ಅಡುಗೆ ಮನೆಯವರೆಗಿನ ಪೈಪಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಎರಡು ತಂಬಿಗೆ. ಹೆಚ್ಚೆಂದರೆ ಮೂರು. ಕೊಡ ತುಂಬುವ ನೀರು ಎಲ್ಲಿಂದ ಬಂತು? ಆ ಕ್ಷಣಕ್ಕೇ ತಿಳಿಯಿತು. ರಬ್ಬರ್ ಪೈಪು ಕಣ್ಣಿಗೆ ಬಂತು. ಬಕೀಟು ಬಂತು. ಮೇಲೆ ಮಲಗಿದ್ದ ಆ ಮನುಷ್ಯ ಬಂದ.

ಎದ್ದು ನಿಲ್ಲಬೇಕಿತ್ತು. "ಆ ನೀರು ಮುಟ್ಟಬ್ಯಾಡ್ರಿ" — ಮೂರು ಮಾತು. ಎಲೆ ಬಿಟ್ಟು ಎದ್ದು ಮೇಲೆ ಹೋಗಿ ಆ ರಬ್ಬರ್ ಪೈಪನ್ನು ಬಕೀಟಿನಿಂದ ಎತ್ತಿಬಿಟ್ಟಿದ್ದರೂ ಸಾಕಿತ್ತು. ಆದರೆ ಎದ್ದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಟೀ ಹೇಳಬೇಕು, ಹೊರಗಿನ ಸುಳ್ಳು ಪೈಪು ಹೇಳಬೇಕು — ಬೀಗರ ಎದುರಿಗೆ, ನನ್ನ ತಲೆಯ ಮೇಲೆ ಕೈಯಿಟ್ಟವಳ ಎದುರಿಗೆ.

"ಪೈಪಿನ್ಯಾಗ ಉಳಿದ ನೀರವ್ವ" ಎಂದೆ. ಹೋಳಿಗೆ ಬಾಯಿಗೆ ಇಟ್ಟುಕೊಂಡೆ.

ಬೀಗರು ಹೋಗಲಿ, ಎರಡು ದಿನ ಬಿಟ್ಟು ಬಂದು ಯಾರಿಗೂ ತಿಳಿಯದ ಹಾಗೆ ಸರಿ ಮಾಡುತ್ತೇನೆ ಎಂದುಕೊಂಡೆ. ನರಗುಂದದಿಂದ ಕೆಲಸಕ್ಕೆ ಕರೆ ಬಂತು. ಎರಡು ದಿನ ಹೋಗಿ ಎಂಟು ದಿನವಾಯಿತು. ನರಗುಂದದಲ್ಲಿ ಪೈಪು ಕೊಯ್ಯುವಾಗಲೆಲ್ಲ ಆ ಕೊಡ ನೆನಪಾಗುತ್ತಿತ್ತು — ಇಂದು ಸಂಜೆ ಹೋಗೋಣ, ನಾಳೆ ಹೋಗೋಣ —

ಒಂಬತ್ತನೇ ದಿನ ಸುದ್ದಿ ಬಂತು. ಮನೆಯಲ್ಲಿ ಮೂವರಿಗೆ ವಾಂತಿ-ಭೇದಿ. ಆಯಿಯನ್ನು ದವಾಖಾನೆಗೆ ಒಯ್ದಿದ್ದಾರೆ. ನಾನು ಬಸ್ಸು ಹಿಡಿದು ಗಜೇಂದ್ರಗಡಕ್ಕೆ ಬರುವಷ್ಟರಲ್ಲಿ ಸಾವಿಗೆ ಬಾರಿಸುವ ಹಲಗೆಯ ಸದ್ದು ಕೇಳುತ್ತಿತ್ತು. ಹೆಣವನ್ನು ಕೂರಿಸಿ ಹಣೆಗೆ ವಿಭೂತಿ ಹಚ್ಚಿದ್ದರು. ಒಂಬತ್ತು ದಿನದ ಹಿಂದೆ ಪಂಕ್ತಿಯಲ್ಲಿ ನಗುತ್ತಿದ್ದ ಮುಖ ನಿಂಬೆಹಣ್ಣಿನಷ್ಟಾಗಿತ್ತು.

ನಾನು ಮಣ್ಣು ಕೊಡಲು ಹೋದೆ. ಮೂರು ಹಿಡಿ ಹಾಕಿದೆ.

ಮೂರನೇ ದಿನ ಕಟ್ಟೆಯ ಮೇಲೆ ಜನ ಸೇರಿದ್ದರು. ಡಾಕ್ಟರು ಹೊಟ್ಟೆಗೆ ಏನೋ ಕೆಟ್ಟದ್ದು ಹೋಗಿದೆ, ನೀರೋ ಊಟವೋ ನೋಡಿಕೊಳ್ಳಿ ಎಂದಿದ್ದರಂತೆ. ನೀನು ಬುಟ್ಟಿ ಹೊತ್ತು ಬಂದು ಕಟ್ಟೆಯ ಕೆಳಗೆ ನಿಂತಿದ್ದೆ. ಅತ್ತು ನಿನ್ನ ಕಣ್ಣು ಬಾತಿದ್ದವು. ವೀರಪ್ಪನವರು ನನ್ನನ್ನು ನೋಡಿದರು. ಸಿಟ್ಟಿನಿಂದ ಅಲ್ಲ, ಕೇಳುವ ಧ್ವನಿಯಲ್ಲಿ ಕೇಳಿದರು.

"ಬಸಣ್ಣ, ನೀರಿನ ಕೆಲಸ ಮಾಡಿದಾಂವ ನೀನು. ಖರೇ ಹೇಳು. ನೀರಿನ್ಯಾಗ ಏನರ ದೋಷ ಐತೇನು?"

ಖರೇ ಹೇಳು ಎಂದಿದ್ದರು.

"ನೀರಿನ್ಯಾಗ ಏನೂ ಇಲ್ರಿ. ಅಡಗಿ ಮನಿ ಲೈನು ಬ್ಯಾರೆ, ಸಂಡಾಸದ್ದು ಬ್ಯಾರೆ. ಹೊರಗಿನ ಗ್ವಾಡಿ ಮ್ಯಾಲ ಕಾಣತೈತಲ್ರಿ" ಎಂದೆ. ಅಲ್ಲಿಗೂ ನಿಲ್ಲಲಿಲ್ಲ. "ಹೊರಗಿಂದ ಮನಿಗೆ ಏನ್ ಬಂದೈತಿ, ಅದನ್ನ ನೋಡ್ರಿ" ಎಂದೆ.

ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅವಶ್ಯಕತೆ ಇರಲಿಲ್ಲ. ಹೊರಗಿನಿಂದ ಆ ಮನೆಗೆ ದಿನಾ ಬರುತ್ತಿದ್ದದ್ದು ಒಂದೇ — ಅದು ಬುಟ್ಟಿಯಲ್ಲಿ, ನಿನ್ನ ತಲೆಯ ಮೇಲಿತ್ತು.

ವೀರಪ್ಪನವರ ತಮ್ಮ ಅಂದ: "ಹೊಳಿ ಊರಿನಾಕಿ. ಅವ್ವ ದಿನಾ ಅಂತಿದ್ದಳಲ್ಲ, ಮೊಸರಾಗ ಹೊಳಿ ಹರದೈತಿ ಅಂತ."

ಆಟದ ಮಾತು. ಆಯಿಯ ಆಟದ ಮಾತು ಆಕೆ ಸತ್ತ ಮೂರೇ ದಿನಕ್ಕೆ ಸಾಕ್ಷಿಯಾಯಿತು.

"ಎಮ್ಮಿ ಮುಟ್ಟಿ ಹೇಳ್ತೀನ್ರಿ, ಒಂದು ಹನಿ ನೀರು ಬೆರಸಿಲ್ಲ" ಎಂದೆ ನೀನು. "ಆಯಿ ನನಗ ತಾಯಿ ಇದ್ದಂಗ ಇದ್ದಳ್ರಿ."

ಸುಮಿತ್ರಾ ಕೆಳಗೆ ಇಳಿದು ಬಂದರು. ನಿನ್ನ ತಲೆಯ ಮೇಲಿನ ಬುಟ್ಟಿಯಿಂದ ಗಡಿಗೆ ಎತ್ತಿಕೊಂಡು ಗಟಾರಕ್ಕೆ ಸುರಿದರು. ಬೈಯಲಿಲ್ಲ. ಖಾಲಿ ಗಡಿಗೆಯನ್ನು ತಿರುಗಿ ಬುಟ್ಟಿಯಲ್ಲಿ ಇಟ್ಟರು, ಮೆಲ್ಲಗೆ, ಒಡೆಯದ ಹಾಗೆ. ಬೈದಿದ್ದರೆ ನನಗೆ ಇಷ್ಟು ನೆನಪಿರುತ್ತಿರಲಿಲ್ಲವೇನೋ.

ಮರುದಿನದಿಂದ ಓಣಿಯಲ್ಲಿ ನಿನ್ನ ಮೊಸರು ಯಾರೂ ಕೊಳ್ಳಲಿಲ್ಲ. ನಾಲ್ಕು ದಿನ ನೀನು ಕೂಗುತ್ತ ತಿರುಗಿದೆ. ಐದನೇ ದಿನ ಕೂಗದೆ ತಿರುಗಿದೆ. ತಿಂಗಳು ತುಂಬುವುದರೊಳಗೆ ಎಮ್ಮೆ ಮಾರಿ ಊರು ಬಿಟ್ಟೆಯೆಂದು ಕೇಳಿದೆ.

ಕಟ್ಟೆಯ ಮುಂದೆ ಸುಳ್ಳು ಹೇಳಿದ ವಾರವೇ ನಾನು ವೀರಪ್ಪನವರ ಮನೆಗೆ ಹೋದೆ. ಟಾಕಿ ತೊಳೆದು ಕೊಡುತ್ತೇನೆ ಎಂಬ ನೆಪ. ಮೇಲೆ ಬಾಗಿಲು ಹಾಕಿಕೊಂಡು ಗೋಡೆ ಒಡೆದೆ. ಟೀ ಬಿಚ್ಚಿದೆ, ಅಡುಗೆ ಮನೆಯ ಪೈಪನ್ನು ಮೊದಲಿನ ಹಾಗೆ ಕೂಡಿಸಿದೆ, ಹೊರಗಿನ ಪೈಪಿನ ಮುಚ್ಚಳ ತೆಗೆದು ಅದನ್ನೇ ಸಂಡಾಸಕ್ಕೆ ಹಚ್ಚಿದೆ. ನೀರು ಮತ್ತೆ ನೂಲಿನ ಎಳೆಯಾಯಿತು. ಸೂತಕದ ಮನೆ, ಯಾರೂ ಏನೂ ಕೇಳಲಿಲ್ಲ. ಸುಮಿತ್ರಾ ಮಾತ್ರ ಅಡುಗೆ ಮನೆಯ ನಳದ ಮುಂದೆ ನಿಂತು, "ವಾಲ್ವ್ ಬಂದ್ ಮಾಡಿದ ಮ್ಯಾಲೆ ಈಗ ನೀರು ಬರವಲ್ವು ಬಸಣ್ಣಾರ. ಅತ್ತಿ ಹೋದಳು, ಆಕಿ ಹಿಂದ ಆಕಿ ದೇವರ ನೀರೂ ಹೋತು" ಎಂದು ಕಣ್ಣೊರೆಸಿಕೊಂಡರು.

ಟೀ ನನ್ನ ಕಿಸೆಯಲ್ಲಿತ್ತು.

ದೇವರ ತಲೆಯ ಮೇಲೆ ಹಾಯಬಾರದು ಎಂದಿದ್ದಳು ಆಯಿ. ನಾನು ತಲೆಯ ಮೇಲೂ ಹಾಯಿಸಿದೆ, ಆಮೇಲೆ ಆಕೆಯ ಕೈಯಿಂದಲೇ ದೇವರ ಮೈಮೇಲೆ ಎರೆಸಿದೆ. ಪೂಜೆ ಮುಗಿಸಿ ಆಕೆ ಆ ನೀರನ್ನೇ ಮೂರು ಸಾರಿ ಅಂಗೈಗೆ ಹಾಕಿಕೊಂಡು ಕುಡಿಯುತ್ತಿದ್ದಳು. ದಿನಾ, ಕಣ್ಣು ಮುಚ್ಚಿ. ಬೇರೆ ಇಬ್ಬರು ಉಳಿದರು, ಆಕೆ ಉಳಿಯಲಿಲ್ಲ.

ಅಲ್ಲಿಂದ ಈಚೆಗೆ ನನಗೊಂದು ಚಟ. ಯಾರ ಮನೆಗೆ ಹೋದರೂ ವಾಲ್ವ್ ಮುಚ್ಚಿ ನಳ ತೆರೆದು ನೋಡುತ್ತೇನೆ. ಪೈಪಿನಲ್ಲಿ ಉಳಿದ ನೀರು ಬರುತ್ತದೆ, ತೆಳ್ಳಗಾಗುತ್ತದೆ, ಕಡೆಗೆ ಗಾಳಿ ಎಳೆದುಕೊಂಡು ಗೊಳಕ್ ಎಂದು ನಿಲ್ಲುತ್ತದೆ. ಆ ಸದ್ದು ಬರುವತನಕ ನನಗೆ ಉಸಿರಿಲ್ಲ. ಒಮ್ಮೊಮ್ಮೆ ತಡವಾಗುತ್ತದೆ. ಆಗ ನಳದ ಕೆಳಗೆ ಯಾರೋ ಕೊಡ ಹಿಡಿದು ಕೂತ ಹಾಗೆ — ಬಳೆಯ ಸದ್ದೂ ಕೇಳಿದ ಹಾಗೆ. ಮನೆಯಲ್ಲಿ ನನ್ನ ಹೆಂಡತಿ ದೇವರ ತೀರ್ಥ ಕೊಟ್ಟರೆ ಕೈ ಮುಂದೆ ಮಾಡಿ ಹಿಂದೆ ತೆಗೆದುಕೊಳ್ಳುತ್ತೇನೆ. ಯಾಕೆಂದು ಆಕೆ ಕೇಳುವುದನ್ನು ಬಿಟ್ಟಿದ್ದಾಳೆ.

ಇನ್ನು ಹೊಳೆಆಲೂರಿನ ಮಾತು. ಅದನ್ನು ಬರೆಯದಿದ್ದರೆ ಇಷ್ಟೆಲ್ಲ ಬರೆದದ್ದು ಸುಳ್ಳು.

ಎರಡು ವರ್ಷದ ಹಿಂದೆ ಬಾಗಲಕೋಟೆಗೆ ಹೋಗಲು ಸ್ಟೇಷನ್ನಿನಲ್ಲಿ ಕೂತಿದ್ದೆ. ಬಿಸಿಲು ಜೋರಿತ್ತು. "ಮಜ್ಜಗೀ" ಎಂಬ ಕೂಗು ಬಂತು. ತಲೆ ಎತ್ತಿದರೆ ನೀನು. ಕೂದಲು ಬೆಳ್ಳಗಾಗಿತ್ತು. ನಾನು ಮುಖ ತಿರುಗಿಸಿಕೊಂಡೆ, ಆದರೆ ನೀನು ಗುರುತು ಹಿಡಿದೆ.

"ನಳದ ಬಸಣ್ಣಾರ ಹೌದಲ್ರಿ? ಎಷ್ಟ್ ಸೊರಗೀರಿ! ಕುಡೀರಿ ಮಜ್ಜಗಿ. ಅಂಜಬ್ಯಾಡ್ರಿ, ಇದರಾಗ ಹೊಳಿ ಹರದಿಲ್ಲ" ಎಂದು ನಕ್ಕೆ.

ನಾನು ಲೋಟ ಹಿಡಿದುಕೊಂಡೆ. ನೀನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಈಗ ಸ್ವಂತ ಎಮ್ಮೆ ಇಲ್ಲ, ಯಾರದೋ ಮನೆಯಿಂದ ಮೊಸರು ತಂದು ಮಜ್ಜಿಗೆ ಮಾಡುತ್ತೇನೆ ಎಂದು ನೀನು ಹೇಳಿದೆ. ಗಜೇಂದ್ರಗಡದ ಕಡೆ ಮತ್ತೆ ಹೋಗಲಿಲ್ಲ ಎಂದೆ. ಆಮೇಲೆ ಹಳಿಯ ಕಡೆ ನೋಡುತ್ತ ನೀನು ಆ ಮಾತು ಹೇಳಿದೆ.

"ಒಂದು ನೆನಪೈತ್ರಿ ಬಸಣ್ಣಾರ. ಆ ದಿನ ಎಲ್ಲಾರೂ ನನ್ನ ಮ್ಯಾಲೆ ಬಂದ್ರು. ನೀವೊಬ್ಬರ ನನ್ನ ಹೆಸರು ಹೇಳ್ಲಿಲ್ಲ. ಅದನ್ನ ಮರೆತಿಲ್ರಿ ನಾ."

ಹೇಳಬೇಕೆಂದು ಬಾಯಿ ತೆರೆದೆ. ದೇವರಾಣೆ ಎನ್ನುವ ಹಕ್ಕು ನನಗಿಲ್ಲ, ಆದರೂ ತೆರೆದದ್ದು ಖರೇ. "ಶಾಂತವ್ವ, ಆ ದಿನ..." ಎಂದೆ. ನೀನು ತಿರುಗಿ ನೋಡಿದೆ. ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ನಂಬಿ ನೋಡಿಲ್ಲ. ನನ್ನ ನಾಲಿಗೆ ದಾರಿ ಬದಲಿಸಿತು. "ಆ ದಿನ ಭಾಳ ಬಿಸಿಲಿತ್ತು" ಎಂದೆ.

ಗಾಡಿ ಬಂತು. ಮಜ್ಜಿಗೆ ಕುಡಿದು ಲೋಟ ಕೊಟ್ಟು ಹತ್ತಿದೆ. ಕಿಟಕಿಯಿಂದ ನೋಡಿದರೆ ನೀನು ಆ ಲೋಟವನ್ನು ಸೆರಗಿನಿಂದ ಒರೆಸುತ್ತಿದ್ದೆ.

ಆಯಿಯನ್ನು ಕೊಂದದ್ದು ನನ್ನ ಸುಲಭದ ದಾರಿ. ನಿನ್ನನ್ನು ಊರು ಬಿಡಿಸಿದ್ದು ನನ್ನ ಹೆಸರಿನ ಆಸೆ. ಆದರೆ ಆ ಸ್ಟೇಷನ್ನಿನಲ್ಲಿ ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ, ಬೀಗರಿರಲಿಲ್ಲ, ಕಟ್ಟೆಯ ಜನರಿರಲಿಲ್ಲ. ನಿನ್ನ ಕೃತಜ್ಞತೆ ಮಾತ್ರ ಇತ್ತು. ಅದನ್ನೂ ಕುಡಿದು ಬಂದೆ.

ಶಾಂತವ್ವ, ನಾನು ನಿನ್ನ ಹೆಸರು ಹೇಳಲಿಲ್ಲ, ಖರೇ. ಹೇಳಬೇಕಾಗಿದ್ದದ್ದು ನನ್ನ ಹೆಸರು.

ನಾಳೆ ಮುಂಜಾನೆಯ ಬಸ್ಸಿಗೆ ಮೊದಲು ಗಜೇಂದ್ರಗಡಕ್ಕೆ ಹೋಗುತ್ತೇನೆ. ಸುಳ್ಳು ಹೇಳಿದ ಕಟ್ಟೆಯ ಮುಂದೆ, ವೀರಪ್ಪನವರ ಎದುರಿಗೆ, ಸುಮಿತ್ರಾ ಅವರ ಎದುರಿಗೆ, ಓಣಿಯಲ್ಲಿ ಉಳಿದವರನ್ನು ಕರೆದು ಇದನ್ನು ಓದುತ್ತೇನೆ. ಟೀ ನನ್ನ ಹತ್ತಿರ ಇದೆ. ಹನ್ನೊಂದು ವರ್ಷದಿಂದ ಕೆಲಸದ ಹತ್ಯಾರದ ಚೀಲದ ತಳದಲ್ಲಿದೆ. ನಂಬದಿದ್ದರೆ ಅದನ್ನು ಕಟ್ಟೆಯ ಮೇಲೆ ಇಡುತ್ತೇನೆ. ಗೋಡೆಯಲ್ಲಿ ನಾನು ಒಡೆದ ಜಾಗವನ್ನು ತೋರಿಸುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಪೊಲೀಸರಿಗೆ ಕೊಡುವುದಾದರೆ ಕೊಡಲಿ. ನಾನು ಕೇಳಿಕೊಳ್ಳುವುದು ಒಂದೇ, ಮೊದಲು ಹೊಳೆಆಲೂರಿಗೆ ಹೋಗಿಬರಲು ಬಿಡಿ ಎಂದು.

ಆಮೇಲೆ ನಿನ್ನ ಹತ್ತಿರ ಬರುತ್ತೇನೆ. ಸ್ಟೇಷನ್ನಿನಲ್ಲಿ ನನ್ನನ್ನು ಕಂಡು ನೀನು ಮತ್ತೆ ಮಜ್ಜಿಗೆಯ ಲೋಟ ಮುಂ​ದೆ ಮಾಡುತ್ತೀಯ, ಗೊತ್ತು. ಈ ಸಾರಿ ತೆಗೆದುಕೊಳ್ಳುವುದಿಲ್ಲ. ನಿನ್ನ ಕೈಯಲ್ಲಿಯೇ ಇರಲಿ. ನಾನು ಓದಿ ಮುಗಿಸಿದ ಮೇಲೆ, ಅದನ್ನು ಕೊಡುವುದೋ ನೆಲಕ್ಕೆ ಸುರಿಯುವುದೋ ನಿನಗೆ ಬಿಟ್ಟದ್ದು.